ಹಾನ್ಲೆ ಆಕಾಶ ಕೆಂಪಾಗಿದ್ದು ಯಾಕೆ, ಹಸಿರು ಯಾಕಾಗ್ಲಿಲ್ಲ? ತಲೆ ಮೇಲಿನ ಮಹಡಿಗಳ ಕಥೆ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ವರ್ಷಕ್ಕೆ ಎರಡು ಮೂರು ಸಲ ಆದ್ರೂ ತಿರುಗಿ ಬರುತ್ತೆ. ಲಡಾಖ್‌ನ ಹಾನ್ಲೆ, ಕೆಳಗೆ ಕಪ್ಪು ಗುಡ್ಡಗಳ ಸಾಲು, ಅದರ ಮೇಲೆ ಯಾರೋ ಓಕುಳಿ ಎರಚಿದ ಹಾಗೆ ಕೆಂಪು ಆಕಾಶ. 2024ರ ಮೇ 10-11ರ ರಾತ್ರಿ, 2003ರ ನಂತರದ ಅತಿ ಜೋರಾದ ಸೌರ ಬಿರುಗಾಳಿ (ಸೂರ್ಯ ಎರಚೋ ವಿದ್ಯುತ್ ಕಣಗಳ ಅಲೆ) ಭೂಮಿಗೆ ಬಡಿದಾಗ ಕಂಡ ಅರೋರಾ ಅದು, ಅಂದ್ರೆ ಸಾಮಾನ್ಯವಾಗಿ ಧ್ರುವಗಳ ಕಡೆ ಕಾಣೋ ಆಕಾಶದ ಬಣ್ಣದ ಬೆಳಕು. ಅಲ್ಲಿರೋ ವೀಕ್ಷಣಾಲಯ ನಡೆಸೋದು ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು, ಅವರ ಕ್ಯಾಮೆರಾಗಳಲ್ಲೂ ಇದು ಸೆರೆಯಾಯ್ತು.

ಈ ಸಲ ಫೋಟೋ ಬಂದಾಗ ಸಾಗರದಲ್ಲಿರೋ ದೊಡ್ಡಪ್ಪ ಕೇಳಿದ್ರು, "ಎಂತ ಮಾರಾಯ ಇದು, ಎಡಿಟ್ ಮಾಡಿದ್ದಾ? ನಾರ್ವೆ ಕಡೆದೆಲ್ಲ ಹಸಿರು ಇರ್ತದೆ, ನಮ್ಮದು ಮಾತ್ರ ಕೆಂಪು ಎಂತಕ್ಕೆ?"

"ಎಡಿಟ್ ಅಲ್ಲ ದೊಡ್ಡಪ್ಪ, ನಿಜಾನೇ, ಕಣ್ಣಿಗಿಂತ ಕ್ಯಾಮೆರಾಗೆ ಜಾಸ್ತಿ ಕಾಣುತ್ತೆ ಅಷ್ಟೇ" ಅಂತ ಟೈಪ್ ಮಾಡಿದೆ. ಆಮೇಲೆ ಕೆಂಪು ಯಾಕೆ ಅನ್ನೋದಕ್ಕೆ ಬಂದಾಗ ಕೈ ನಿಂತೋಯ್ತು. ಯಾಕಂದ್ರೆ ಅದನ್ನ ಹೇಳ್ಬೇಕು ಅಂದ್ರೆ ವಾತಾವರಣದ ಮೇಲಿನ ಪದರಗಳು ಒಂದಕ್ಕಿಂತ ಒಂದು ಹೇಗೆ ಬೇರೆ ಅನ್ನೋದು ಮೊದಲು ಹೇಳ್ಬೇಕು, ಅದು ವಾಟ್ಸಾಪ್ ಮೆಸೇಜಲ್ಲಿ ಆಗೋ ಕೆಲಸ ಅಲ್ಲ. ಹಾಗಾಗಿ ಇಲ್ಲಿ ಬರೀತಿದೀನಿ.

ಮೂರು ಒಲೆ ಇರೋ ಮನೆ

ಪದರಗಳ ಹೆಸರನ್ನ ನಾವೆಲ್ಲ ಸ್ಕೂಲಲ್ಲಿ ಬಾಯಿಪಾಠ ಮಾಡಿದೀವಿ. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಇಂಗ್ಲಿಷ್ ಮೀಡಿಯಮ್ಮಿನವರಿಗೆ ಟ್ರೋಪೋಸ್ಫಿಯರ್, ಸ್ಟ್ರಾಟೋಸ್ಫಿಯರ್, ಮೆಸೋಸ್ಫಿಯರ್, ಥರ್ಮೋಸ್ಫಿಯರ್, ಎಕ್ಸೋಸ್ಫಿಯರ್. ಎಷ್ಟು ಕಿಲೋಮೀಟರ್‌ಗೆ ಯಾವುದು ಅಂತ ಒಂದು ಮಾರ್ಕಿಗೆ ಬರೆದು ಬಂದ್ವಿ, ಆದ್ರೆ ಅಲ್ಲೇ ಯಾಕೆ ಗೆರೆ ಎಳೆದ್ರು ಅಂತ ಯಾರೂ ಹೇಳ್ಲಿಲ್ಲ.

ಗೆರೆ ಎಳೆದಿರೋದು ತಾಪಮಾನ ನೋಡಿ. ಮೇಲೆ ಹೋಗ್ತಾ ಹೋಗ್ತಾ ಚಳಿ ಜಾಸ್ತಿ ಆಗ್ತಾ ಇರುತ್ತೆ, ಒಂದು ಎತ್ತರದಲ್ಲಿ ಅದು ನಿಂತು ವಾಪಸ್ ಬಿಸಿ ಏರೋಕೆ ಶುರುವಾಗುತ್ತೆ, ಅಲ್ಲಿಗೆ ಒಂದು ಪದರ ಮುಗೀತು. ಮತ್ತೆ ಒಂದು ಕಡೆ ಬಿಸಿ ಏರೋದು ನಿಂತು ಚಳಿ ಶುರುವಾದ್ರೆ ಅಲ್ಲಿಗೆ ಇನ್ನೊಂದು.

ಯಾಕೆ ಹೀಗೆ ಹಾವು ಹರಿದ ಹಾಗೆ ಆ ಕಡೆ ಈ ಕಡೆ ಹೋಗುತ್ತೆ ಅಂದ್ರೆ, ನಮ್ಮ ವಾತಾವರಣ ಅನ್ನೋದು ಮೂರು ಒಲೆ ಇರೋ ಮನೆ. ಮೊದಲನೇ ಒಲೆ ನೆಲ, ಬಿಸಿಲು ನೆಲಕ್ಕೆ ಬಿದ್ದು ನೆಲ ಕಾದು ಅದು ಮೇಲಿನ ಗಾಳಿನ ಕಾಯಿಸುತ್ತೆ. ಎರಡನೇ ಒಲೆ ಓಝೋನ್, ಅದು ಸೂರ್ಯನ ನೇರಳಾತೀತ ಕಿರಣಗಳನ್ನ ನುಂಗಿ ಬಿಸಿಯಾಗುತ್ತೆ. ಮೂರನೇದು ಎಲ್ಲಕ್ಕಿಂತ ಮೇಲೆ, ಎಕ್ಸ್-ರೇ ಮತ್ತೆ ಇನ್ನೂ ತೀಕ್ಷ್ಣ ನೇರಳಾತೀತ ಕಿರಣಗಳು ಮೊಟ್ಟಮೊದಲು ಬಂದು ಬಡಿಯೋ ಜಾಗ. ಒಲೆ ಹತ್ರ ಬಿಸಿ, ಒಲೆಯಿಂದ ದೂರ ಚಳಿ. ಇಷ್ಟು ಗೊತ್ತಾದ್ರೆ ಬಾಯಿಪಾಠ ಬೇಕಾಗಲ್ಲ.

ಕೆಳಗಿನ ಎರಡು ಮಹಡಿ, ಬೇಗ ಹತ್ತಿಬಿಡೋಣ

ಟ್ರೋಪೋಸ್ಫಿಯರ್ ಅಂದ್ರೆ ನಾವಿರೋದು. ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಾಪಮಾನ ಇಳಿಯುತ್ತೆ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಮೇಲೆ ಬೇಸಿಗೆಯಲ್ಲೂ ಜರ್ಕಿನ್ ಬೇಕಾಗೋದು ಇದಕ್ಕೇ. ಮಳೆ, ಮೋಡ, ಗುಡುಗು ಹೆಚ್ಚುಕಮ್ಮಿ ಎಲ್ಲ ಇಲ್ಲೇ. ನಮ್ಮ ಕಡೆ ಇದರ ಮೇಲ್ತುದಿ 16-17 ಕಿ.ಮೀ., ಅಲ್ಲಿ ಮೈನಸ್ 80 ಡಿಗ್ರಿ ಆಸುಪಾಸು.

ಅದರ ಮೇಲೆ ಸುಮಾರು 50 ಕಿ.ಮೀ.ವರೆಗೆ ಸ್ಟ್ರಾಟೋಸ್ಫಿಯರ್. ಪಠ್ಯದಲ್ಲಿ ಇದಕ್ಕೆ ಸಮೋಷ್ಣ ಮಂಡಲ ಅಂತ ಹೆಸರು, ಅಂದ್ರೆ ಎಲ್ಲ ಕಡೆ ಒಂದೇ ಉಷ್ಣತೆ. ನನ್ನ ಕೇಳಿದ್ರೆ ಈ ಹೆಸರು ಮಕ್ಕಳ ದಾರಿ ತಪ್ಪಿಸುತ್ತೆ. 1902ರಲ್ಲಿ ಫ್ರಾನ್ಸಿನ ಟೆಸರಾಂಕ್ ದ ಬೋರ್ ಬಲೂನ್ ಹಾರಿಸಿ ಈ ಪದರ ಕಂಡುಹಿಡಿದಾಗ ಬಲೂನ್ ಮುಟ್ಟಿದ್ದು ಕೆಳಭಾಗ ಮಾತ್ರ, ಅಲ್ಲಿ ತಾಪಮಾನ ಹೆಚ್ಚುಕಮ್ಮಿ ಒಂದೇ ಇತ್ತು. ಇನ್ನೂ ಮೇಲೆ ಹೋದ್ರೆ ಎರಡನೇ ಒಲೆ ಅಂದ್ರೆ ಓಝೋನ್ ಕೆಲಸ ಶುರು ಮಾಡುತ್ತೆ, 50 ಕಿ.ಮೀ. ಹೊತ್ತಿಗೆ ತಾಪಮಾನ ಸೊನ್ನೆ ಡಿಗ್ರಿ ಹತ್ರ ಬಂದಿರುತ್ತೆ. 2012ರಲ್ಲಿ ಆಸ್ಟ್ರಿಯಾದ ಸಾಹಸಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಬಲೂನಿಂದ ಧುಮುಕಿದ್ದು ಸುಮಾರು 39 ಕಿ.ಮೀ.ಯಿಂದ. ಅವತ್ತು ಎಲ್ಲ ಪೇಪರಲ್ಲೂ ಬಾಹ್ಯಾಕಾಶದಿಂದ ಜಿಗಿತ ಅಂತ ಬಂತು, ನಿಜ ಹೇಳ್ಬೇಕಂದ್ರೆ ಅದು ಎರಡನೇ ಮಹಡಿ, ಅದರ ತಾರಸಿ ಕೂಡ ಅಲ್ಲ.

ಮೆಸೋಸ್ಫಿಯರ್: ಬಲೂನ್ ಏರಲ್ಲ, ಸ್ಯಾಟಲೈಟ್ ಇಳಿಯಲ್ಲ

50ರಿಂದ ಸುಮಾರು 85 ಕಿ.ಮೀ.ವರೆಗಿನ ಈ ಪದರ ಒಂಥರಾ ಮನೆಯ ಅಟ್ಟ ಇದ್ದ ಹಾಗೆ, ಅಲ್ಲಿ ಏನಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲ. ಓಝೋನ್ ಒಲೆ ಕೆಳಗೆ ಉಳೀತು, ಮೂರನೇ ಒಲೆ ಇನ್ನೂ ಮೇಲಿದೆ, ಮಧ್ಯದಲ್ಲಿ ಸಿಕ್ಕಿಹಾಕೊಂಡಿರೋ ಈ ಜಾಗ ಭಯಂಕರ ಚಳಿ. ಮೇಲ್ತುದಿಯಲ್ಲಿ ಸಾಧಾರಣವಾಗಿ ಮೈನಸ್ 90 ಡಿಗ್ರಿ, ಧ್ರುವಗಳ ಮೇಲೆ ಬೇಸಿಗೆ ಕಾಲದಲ್ಲಿ ಮೈನಸ್ 130ರ ಕೆಳಗೂ ಹೋಗುತ್ತೆ. ಹೌದು, ಬೇಸಿಗೆಯಲ್ಲೇ. ಆ ಕಾಲದಲ್ಲಿ ಅಲ್ಲಿಯ ಗಾಳಿ ಮೇಲಕ್ಕೆ ಏರಿ ಹಿಗ್ಗುತ್ತೆ, ಹಿಗ್ಗಿದ ಗಾಳಿ ತಣ್ಣಗಾಗುತ್ತೆ. ಇಡೀ ಭೂಮಿಯ ವಾತಾವರಣದಲ್ಲಿ ಇದಕ್ಕಿಂತ ತಣ್ಣಗಿನ ಜಾಗ ಇಲ್ಲ. ಆಗ ಅಲ್ಲಿರೋ ಚೂರುಪಾರು ನೀರಾವಿ ಹರಳುಗಟ್ಟಿ, ಸೂರ್ಯ ಮುಳುಗಿದ ಮೇಲೂ ಬೆಳ್ಳಗೆ ನೀಲಿಯಾಗಿ ಹೊಳೆಯೋ ಮೋಡ ಆಗುತ್ತೆ, ಯೂರೋಪಿನ ಉತ್ತರದಲ್ಲಿರೋ ಕನ್ನಡಿಗರು ಜೂನ್, ಜುಲೈ ರಾತ್ರಿಗಳಲ್ಲಿ ಉತ್ತರ ದಿಕ್ಕಿಗೆ ನೋಡಿದ್ರೆ ಕಾಣಬಹುದು.

ಉಲ್ಕೆಗಳು ಉರಿಯೋದೂ ಇದರ ಮೇಲ್ತುದಿ ಆಸುಪಾಸಲ್ಲೇ, ಸುಮಾರು 120ರಿಂದ 80 ಕಿ.ಮೀ. ನಡುವೆ. ಡಿಸೆಂಬರಲ್ಲಿ ಜೆಮಿನಿಡ್ ಉಲ್ಕಾಪಾತ ಆದಾಗ ತಾರಸಿ ಮೇಲೆ ಚಾಪೆ ಹಾಸಿ ನೋಡ್ತೀವಲ್ಲ, ಆ ಒಂದೊಂದು ಗೆರೆನೂ ಬಹಳಷ್ಟು ಸಲ ರವೆ ಕಾಳಿನಷ್ಟೋ ಕಡಲೆ ಕಾಳಿನಷ್ಟೋ ಇರೋ ಚೂರು. ಆದ್ರೆ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದು ಮುಂದಿರೋ ಗಾಳಿನ ಒತ್ತಿ ಹಿಡಿಯುತ್ತೆ, ಆ ಗಾಳಿ ಕಾದು ಚೂರು ಆವಿಯಾಗಿ ಹೋಗುತ್ತೆ.

ಇನ್ನು ಇದನ್ನ ಅಭ್ಯಾಸ ಮಾಡೋದು ಕಷ್ಟ ಯಾಕಂದ್ರೆ, ಬಲೂನಿಗೆ ತೇಲೋಕೆ ಬೇಕಾದಷ್ಟು ಗಾಳಿ ಇಲ್ಲಿಲ್ಲ, ಸ್ಯಾಟಲೈಟಿಗೋ ಇಲ್ಲಿರೋ ಗಾಳಿನೇ ಜಾಸ್ತಿ, ಇಳಿದ್ರೆ ಉರಿದುಹೋಗುತ್ತೆ. ನೇರವಾಗಿ ಹೋಗಿ ನೋಡ್ಬೇಕಂದ್ರೆ ಸೌಂಡಿಂಗ್ ರಾಕೆಟ್ ಒಂದೇ ದಾರಿ, ಮೇಲೆ ಹೋಗಿ ಕೆಲವೇ ನಿಮಿಷ ಅಳತೆ ಮಾಡಿ ಕೆಳಗೆ ಬೀಳೋ ರಾಕೆಟ್ಟು. ನಮ್ಮ ದೇಶದ ಬಾಹ್ಯಾಕಾಶ ಕೆಲಸ ಶುರುವಾಗಿದ್ದೇ ಇಂಥದ್ರಿಂದ. 1963ರ ನವೆಂಬರ್ 21ಕ್ಕೆ ಕೇರಳದ ತುಂಬಾದಿಂದ ಹಾರಿದ ನೈಕ್-ಅಪಾಚೆ ರಾಕೆಟ್ ಮೇಲೆ ಹೋಗಿ ಸೋಡಿಯಂ ಆವಿ ಬಿಟ್ಟಿತ್ತು, ಮುಸ್ಸಂಜೆ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಕಾಣ್ತು. ಆ ಮೋಡ ಯಾವ ಕಡೆ ಎಷ್ಟು ಸರಿಯುತ್ತೆ ನೋಡಿ ಅಷ್ಟೆತ್ತರದ ಗಾಳಿ ಲೆಕ್ಕ ಹಾಕೋದು ಉದ್ದೇಶ. ನಾವು ಇಸ್ರೋ ಅಂದ್ರೆ ಚಂದ್ರಯಾನ ಅಂತೀವಿ, ಮೊದಲ ಪ್ರಶ್ನೆ ಚಂದ್ರನ ಬಗ್ಗೆ ಆಗಿರ್ಲಿಲ್ಲ, ಈ ಅಟ್ಟದ ತುದಿ ಮತ್ತೆ ಅದರ ಮೇಲಿನ ಗಾಳಿ ಬಗ್ಗೆ ಇತ್ತು.

ಥರ್ಮೋಸ್ಫಿಯರ್: 1000 ಡಿಗ್ರಿ, ಆದ್ರೂ ಕೈ ಸುಡಲ್ಲ

85-90 ಕಿ.ಮೀ. ದಾಟಿದ್ಮೇಲೆ ಮೂರನೇ ಒಲೆ. ಇಲ್ಲಿಂದ ತಾಪಮಾನ ಏರೋದು ಅಂದ್ರೆ ಸುಮ್ಮನೆ ಅಲ್ಲ, ಸೂರ್ಯ ಶಾಂತವಾಗಿದ್ರೆ 500 ಡಿಗ್ರಿ, ರೊಚ್ಚಿಗೆದ್ದಿದ್ರೆ 2000 ಡಿಗ್ರಿವರೆಗೂ. ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಷನ್ ಸುತ್ತೋದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಈ ಪದರದ ಒಳಗೇ. ಹಾಗಾದ್ರೆ ಅದು ಕರಗಿ ಹೋಗ್ಬೇಕಲ್ವಾ?

ದೀಪಾವಳಿಲಿ ಸುರ್‌ಸುರ್‌ಬತ್ತಿ ಹಚ್ಚಿದಾಗ ಕಿಡಿ ಕೈ ಮೇಲೆ ಬೀಳುತ್ತೆ, ಚುರ್ ಅಂದ ಹಾಗಾಗುತ್ತೆ ಅಷ್ಟೇ. ಆ ಕಿಡಿಯ ತಾಪಮಾನ ಸಾವಿರ ಡಿಗ್ರಿ ಹತ್ರ ಇರುತ್ತೆ. ಅದೇ ಒಂದು ಚೊಂಬು ಕುದಿಯೋ ನೀರು, ಬರೀ 100 ಡಿಗ್ರಿ, ಕೈ ಮೇಲೆ ಬಿದ್ರೆ ಆಸ್ಪತ್ರೆಗೆ ಓಡ್ಬೇಕು. ತಾಪಮಾನ ಅನ್ನೋದು ಒಂದೊಂದು ಕಣ ಎಷ್ಟು ಜೋರಾಗಿ ಓಡ್ತಿದೆ ಅನ್ನೋ ಲೆಕ್ಕ, ಸುಡೋ ಶಾಖ ಅಂಥ ಕಣ ಎಷ್ಟಿವೆ ಅನ್ನೋದರ ಮೇಲೂ ನಿಂತಿರುತ್ತೆ. ಥರ್ಮೋಸ್ಫಿಯರ್‌ನಲ್ಲಿ ಕಣಗಳು ಬಾಣದ ಹಾಗೆ ಓಡ್ತಿರ್ತವೆ, ಆದ್ರೆ ಸ್ಪೇಸ್ ಸ್ಟೇಷನ್ ಎತ್ತರದಲ್ಲಿ ಗಾಳಿ ನಮ್ಮ ನೆಲಮಟ್ಟದ ಗಾಳಿಗೆ ಹೋಲಿಸಿದ್ರೆ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿದೆ. ಹಾಗಾಗಿ ಸ್ಟೇಷನ್ನಿನ ಹೊರಮೈ ಬಿಸಿಲಲ್ಲಿ 120 ಡಿಗ್ರಿ, ನೆರಳಲ್ಲಿ ಮೈನಸ್ 150ರ ಹತ್ರ, ಅದಕ್ಕೂ ಕಾರಣ ಬಿಸಿಲು, ಸುತ್ತಲ ಗಾಳಿ ಲೆಕ್ಕಕ್ಕೇ ಬರಲ್ಲ.

2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಈ ಸ್ಟೇಷನ್ನಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತೆ ಐಐಟಿಯವರ ಹೆಸರುಕಾಳು, ಮೆಂತ್ಯದ ಮೊಳಕೆ ಪ್ರಯೋಗನೂ ಜೊತೆಗೆ ಹೋಗಿತ್ತು. ಧಾರವಾಡದ ಮೆಂತ್ಯ ಮೊಳಕೆ ಒಡೆದಿದ್ದು ಥರ್ಮೋಸ್ಫಿಯರ್‌ನಲ್ಲಿ ಅಂತ ಯಾರಾದ್ರೂ ಹೇಳಿದ್ರೆ ಅದು ಪೂರ್ತಿ ಸರಿಯಾದ ಮಾತು.

ಮಜ್ಜಿಗೆ ಲೋಟದ ಲೆಕ್ಕ

ಇಲ್ಲಿ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ, ಕೆಂಪು ಬಣ್ಣಕ್ಕೆ ಇದೂ ಬೇಕು. ಸುಮಾರು 100 ಕಿ.ಮೀ.ವರೆಗೆ ಗಾಳಿ ಕಲಸ್ತಾನೇ ಇರುತ್ತೆ, ಅದಕ್ಕೇ ನೆಲದಲ್ಲಿರ್ಲಿ 60 ಕಿ.ಮೀ. ಮೇಲಿರ್ಲಿ ನೈಟ್ರೋಜನ್ 78, ಆಕ್ಸಿಜನ್ 21 ಅನ್ನೋ ಪ್ರಮಾಣ ಬದಲಾಗಲ್ಲ. ಅಲ್ಲಿಂದ ಮೇಲೆ ಕಲಸೋ ಕೈ ನಿಲ್ಲುತ್ತೆ. ಮಜ್ಜಿಗೆ ಲೋಟ ಅಲ್ಲಾಡಿಸದೆ ಒಂದು ಗಂಟೆ ಇಟ್ರೆ ಮೇಲೆ ತಿಳಿ, ಅಡಿಯಲ್ಲಿ ಗಟ್ಟಿ ನಿಲ್ಲುತ್ತಲ್ಲ, ಹಾಗೆ ಭಾರದ ಅನಿಲ ಕೆಳಗೆ, ಹಗುರದ್ದು ಮೇಲೆ. ಜೊತೆಗೆ ಸೂರ್ಯನ ಕಿರಣಗಳು ಆಕ್ಸಿಜನ್ ಅಣುವಿನ ಜೋಡಿನ ಒಡೆದು ಒಂಟಿ ಪರಮಾಣು ಮಾಡಿರ್ತವೆ. ಹಾಗಾಗಿ 200 ಕಿ.ಮೀ. ದಾಟಿದ್ಮೇಲೆ ಒಂಟಿ ಆಕ್ಸಿಜನ್ ಪರಮಾಣುಗಳದ್ದೇ ರಾಜ್ಯ. ಇನ್ನೂ ಮೇಲೆ ಹೀಲಿಯಂ, ಕೊನೆಗೆ ಹೈಡ್ರೋಜನ್.

ಈಗ ದೊಡ್ಡಪ್ಪನ ಪ್ರಶ್ನೆ

ಸೌರ ಬಿರುಗಾಳಿ ಬಂದಾಗ ಭೂಮಿಯ ಕಾಂತಕ್ಷೇತ್ರದ ಗೆರೆಗಳ ಗುಂಟ ಎಲೆಕ್ಟ್ರಾನುಗಳು ಇಳಿದು ಬಂದು ಈ ಒಂಟಿ ಆಕ್ಸಿಜನ್‌ಗೆ ಬಡೀತವೆ. ಪೆಟ್ಟು ತಿಂದ ಪರಮಾಣು ಆ ಶಕ್ತಿನ ಸ್ವಲ್ಪ ಹೊತ್ತು ಇಟ್ಕೊಂಡು ಆಮೇಲೆ ಬೆಳಕಾಗಿ ಬಿಡುತ್ತೆ. ಇಷ್ಟು ಎಲ್ಲ ಕಡೆ ಹೇಳ್ತಾರೆ. ಮಜಾ ಇರೋದು ಆ "ಸ್ವಲ್ಪ ಹೊತ್ತು" ಅನ್ನೋದರಲ್ಲಿ.

ಹಸಿರು ಬೆಳಕು ಬಿಡೋಕೆ ಆಕ್ಸಿಜನ್‌ಗೆ ಒಂದು ಸೆಕೆಂಡಿಗಿಂತ ಕಮ್ಮಿ ಸಾಕು. ಕೆಂಪು ಬಿಡೋಕೆ ಬೇಕಾಗೋದು ಸರಾಸರಿ ಎರಡು ನಿಮಿಷದ ಹತ್ರ, ಸುಮಾರು 110 ಸೆಕೆಂಡ್. ನಾವಿರೋ ಗಾಳಿಯಲ್ಲಿ ಒಂದು ಕಣ ಸೆಕೆಂಡಿಗೆ ನೂರಾರು ಕೋಟಿ ಸಲ ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತೆ, ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಅಂಥ ರಶ್ಶಲ್ಲಿ ತುಂಬಿದ ಲೋಟ ಹಿಡ್ಕೊಂಡು ಎರಡು ನಿಮಿಷ ನಿಲ್ಲೋಕಾಗುತ್ತಾ, ಯಾರೋ ತಳ್ಳಿ ಚೆಲ್ಲಿಬಿಡ್ತಾರೆ. 100-150 ಕಿ.ಮೀ. ಎತ್ತರದಲ್ಲಿ ರಶ್ಶು ಎಷ್ಟೋ ಕಮ್ಮಿ, ಹಸಿರಿಗೆ ಬೇಕಾದ ಮುಕ್ಕಾಲು ಸೆಕೆಂಡ್ ಸಿಗುತ್ತೆ, ಕೆಂಪಿಗೆ ಬೇಕಾದ ಎರಡು ನಿಮಿಷ ಸಿಗಲ್ಲ. 200 ಕಿ.ಮೀ. ದಾಟಿದ್ಮೇಲೆ ಬಸ್ ಸ್ಟ್ಯಾಂಡ್ ಖಾಲಿ, ತಳ್ಳೋಕೆ ಯಾರೂ ಇಲ್ಲ, ಅಲ್ಲಿ ಕೆಂಪು ಹೊರಗೆ ಬರುತ್ತೆ. ಅಂದ್ರೆ ಅರೋರಾ ಬಣ್ಣ ಅನ್ನೋದು ಎತ್ತರದ ಸ್ಕೇಲು. ಕೆಳಗೆ ಹಸಿರು, ಮೇಲೆ ಕೆಂಪು.

ಸರಿ, ಹಾನ್ಲೆಗೆ ಕೆಂಪು ಮಾತ್ರ ಯಾಕೆ? ಮುರುಡೇಶ್ವರದಿಂದ ಬೋಟಲ್ಲಿ ಸಮುದ್ರದೊಳಗೆ ದೂರ ಹೋದ್ರೆ ಮೊದಲು ದಡ ಮುಳುಗುತ್ತೆ, ಆಮೇಲೆ ಗೋಪುರದ ಬುಡ, ಕೊನೆಗೆ ತುದಿ ಮಾತ್ರ ಕಾಣುತ್ತೆ, ಭೂಮಿ ಗುಂಡಗಿರೋದರಿಂದ. ಅರೋರಾ ಇದ್ದಿದ್ದು ಹಾನ್ಲೆಯಿಂದ ತುಂಬಾ ಉತ್ತರಕ್ಕೆ. 100 ಕಿ.ಮೀ. ಎತ್ತರದ ಬೆಳಕು ನೆಲದ ಮೇಲಿರೋರಿಗೆ ಹೆಚ್ಚಂದ್ರೆ 1100 ಕಿ.ಮೀ. ದೂರದಿಂದ ಕಾಣುತ್ತೆ, 300 ಕಿ.ಮೀ. ಎತ್ತರದ್ದು ಸುಮಾರು 1900 ಕಿ.ಮೀ. ದೂರದಿಂದಲೂ ಕಾಣುತ್ತೆ, ಹಾನ್ಲೆಯೇ ಸುಮಾರು 4500 ಮೀಟರ್ ಎತ್ತರದಲ್ಲಿರೋದರಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಬೋನಸ್ಸು. ಹಸಿರು ಬುಡ ದಿಗಂತದ ಕೆಳಗೆ, ಕೆಂಪು ಗೋಪುರದ ತುದಿ ಮೇಲೆ. ವಿಜ್ಞಾನಿಗಳು ಅವತ್ತಿನದನ್ನ ಎಸ್‌ಎಆರ್ ಆರ್ಕ್ ಅಂತಲೂ ಕರೆದ್ರು, ಅದು ಬಿರುಗಾಳಿ ಶಾಖದಿಂದ ಆಗೋ ಕೆಂಪು ಕಮಾನು, ಆಗೋ ರೀತಿ ಬೇರೆ, ಆದ್ರೆ ಹೊಳೆಯೋದು ಅದೇ ಆಕ್ಸಿಜನ್, ಅದೇ ಕೆಂಪು, ಅಷ್ಟೇ ಎತ್ತರ.

ಉಬ್ಬೋ ಮಹಡಿ

ದೊಡ್ಡಪ್ಪನಿಗೆ ಫೋನಲ್ಲಿ ಇದನ್ನೆಲ್ಲ ಹೇಳ್ತಿರುವಾಗ ಅವರು ಸ್ಕೈಲ್ಯಾಬ್ ನೆನಪು ತೆಗೆದ್ರು. 1979ರ ಜುಲೈ. ಅಮೆರಿಕದ 77 ಟನ್ ಸ್ಪೇಸ್ ಸ್ಟೇಷನ್ ಬೀಳ್ತಾ ಇದೆ, ಎಲ್ಲಿ ಬೀಳುತ್ತೆ ಅಂತ ಯಾರಿಗೂ ಗೊತ್ತಿಲ್ಲ, ರೇಡಿಯೋದಲ್ಲಿ ದಿನಾ ಅದೇ ಸುದ್ದಿ. "ಹೆಂಗೂ ಸಾಯೂದು ಅಂತ ಹೇಳಿ ನಮ್ಮ ಕೇರಿಲಿ ಒಬ್ರು ಬೀಜಕ್ಕೆ ಇಟ್ಟ ಭತ್ತನೂ ಮಾರಿ ಹೋಳಿಗೆ ಮಾಡ್ಸಿದ್ರು ಮಾರಾಯ, ಅದು ಆಸ್ಟ್ರೇಲಿಯಾದಲ್ಲಿ ಬಿತ್ತು, ಇವರು ಮಳೆಗಾಲ ಪೂರ್ತಿ ಸಾಲ ಮಾಡ್ಕಂಡು ಕೂತ್ರು."

ಅದು ಅಷ್ಟು ಬೇಗ ಬಿದ್ದಿದ್ದಕ್ಕೆ ಕಾರಣ ಈ ಥರ್ಮೋಸ್ಫಿಯರೇ. ಸೂರ್ಯನಿಗೆ ಸುಮಾರು 11 ವರ್ಷದ ಒಂದು ಚಕ್ರ ಇದೆ, ಚಟುವಟಿಕೆ ಜಾಸ್ತಿಯಾದಾಗ ಥರ್ಮೋಸ್ಫಿಯರ್ ಕಾದು ಎಣ್ಣೆಯಲ್ಲಿ ಬಿಟ್ಟ ಪೂರಿ ಹಾಗೆ ಉಬ್ಬುತ್ತೆ. ಕೆಳಗಿದ್ದ ದಟ್ಟ ಗಾಳಿ ಮೇಲಕ್ಕೆ ಬರುತ್ತೆ, ಅಲ್ಲಿ ಸುತ್ತೋ ವಸ್ತುವಿಗೆ ಗಾಳಿ ತಡೆ ಹೆಚ್ಚಾಗಿ ವೇಗ ಕಳ್ಕೊಂಡು ಕೆಳಗಿಳಿಯುತ್ತೆ. ಎಪ್ಪತ್ತರ ದಶಕದ ಕೊನೆಗೆ ಸೂರ್ಯ ಅಂದಾಜಿಗಿಂತ ಜಾಸ್ತಿ ರೇಗಿದ್ದ, ಸ್ಕೈಲ್ಯಾಬನ್ನ ಮೇಲೆ ತಳ್ಳೋಕೆ ಹೋಗ್ಬೇಕಿದ್ದ ಸ್ಪೇಸ್ ಶಟಲ್ ನೌಕೆ ಇನ್ನೂ ತಯಾರಾಗಿರ್ಲಿಲ್ಲ.

ಇದೇ ಕಥೆ 2022ರ ಫೆಬ್ರವರಿಯಲ್ಲಿ ಮತ್ತೆ ಆಯ್ತು. ಸ್ಪೇಸ್‌ಎಕ್ಸ್ 49 ಸ್ಟಾರ್‌ಲಿಂಕ್ ಸ್ಯಾಟಲೈಟ್ ಹಾರಿಸ್ತು, ಮೊದಲು ಸುಮಾರು 210 ಕಿ.ಮೀ.ಗೆ ಬಿಟ್ಟು ಆಮೇಲೆ ಮೇಲೇರಿಸೋ ಪ್ಲಾನು. ಮಾರನೇ ದಿನ ಒಂದು ಸಾಧಾರಣ ಸೌರ ಬಿರುಗಾಳಿ, ಗಾಳಿ ತಡೆ ಹಿಂದಿನ ಸಲಕ್ಕಿಂತ 50 ಪರ್ಸೆಂಟ್‌ವರೆಗೆ ಏರ್ತು, 40ರ ಹತ್ರ ಸ್ಯಾಟಲೈಟ್ ಮೇಲೇರೋಕಾಗದೆ ಉರಿದುಹೋದ್ವು. ಸ್ಪೇಸ್ ಸ್ಟೇಷನ್ ಕೂಡ ತಿಂಗಳಿಗೆ ಸುಮಾರು 2 ಕಿ.ಮೀ. ಜಾರ್ತಾನೇ ಇರುತ್ತೆ, ಆಗಾಗ ಇಂಜಿನ್ ಉರಿಸಿ ಮೇಲೆ ಎತ್ತುತ್ತಾರೆ.

ಅಂದಹಾಗೆ ಕಾರ್ಬನ್ ಡೈಆಕ್ಸೈಡ್ ಇಲ್ಲಿ ಉಲ್ಟಾ ಕೆಲಸ ಮಾಡುತ್ತೆ. ನೆಲದ ಹತ್ರ ಕಂಬಳಿ ಹೊದ್ದ ಹಾಗೆ ಶಾಖ ಹಿಡಿದಿಡುತ್ತೆ, ಮೇಲಿನ ತೆಳು ಗಾಳಿಯಲ್ಲಿ ಅದೇ ಅನಿಲ ಶಾಖನ ಸೀದಾ ಬಾಹ್ಯಾಕಾಶಕ್ಕೆ ಬಿಡುತ್ತೆ. ಹಾಗಾಗಿ ಕೆಳಗೆ ಭೂಮಿ ಕಾಯ್ತಾ ಇದ್ರೆ ಮೇಲಿನ ಪದರಗಳು ತಣ್ಣಗಾಗಿ ಕುಗ್ತಾ ಇವೆ. ಕುಗ್ಗಿದ್ರೆ ಗಾಳಿ ತಡೆ ಕಮ್ಮಿ, ಕೆಟ್ಟುಹೋದ ಸ್ಯಾಟಲೈಟ್ ಚೂರುಗಳು ಬೇಗ ಬಿದ್ದು ಉರಿಯೋ ಬದಲು ಇನ್ನೂ ಜಾಸ್ತಿ ವರ್ಷ ಅಲ್ಲೇ ಸುತ್ತುತ್ತವೆ.

ಅಯಾನೋಸ್ಫಿಯರ್ ಎಲ್ಲಿ ಬರುತ್ತೆ?

ತುಂಬಾ ಜನ ಗೊಂದಲ ಮಾಡ್ಕೊಳ್ಳೋದು ಇಲ್ಲೇ. ಅಯಾನೋಸ್ಫಿಯರ್ ಬೇರೆ ಮಹಡಿ ಅಲ್ಲ, ಮಹಡಿಗಳ ಗೋಡೆಯೊಳಗೆ ಎಳೆದ ವೈರಿಂಗ್ ಇದ್ದ ಹಾಗೆ. ಮೆಸೋಸ್ಫಿಯರ್ ಮೇಲ್ಭಾಗದಿಂದ ಥರ್ಮೋಸ್ಫಿಯರ್ ದಾಟಿ ಹರಡಿರುತ್ತೆ. ಸೂರ್ಯನ ಕಿರಣ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕಿರೋ ಭಾಗ ಅಷ್ಟೇ, ಅಲ್ಲೂ ಕಿತ್ತಿರೋದು ಸಾವಿರಕ್ಕೊಂದೋ ಇನ್ನೂ ಕಮ್ಮಿನೋ.

ಇದನ್ನ ನಾನು ಕಿವಿಯಿಂದ ಕೇಳಿದೀನಿ. ಚಿಕ್ಕವನಿದ್ದಾಗ ರಜೆಗೆ ಸಾಗರಕ್ಕೆ ಹೋದ್ರೆ ಅಜ್ಜನ ಮನೆ ಜಗುಲಿಯಲ್ಲಿ ಕಂದು ಚರ್ಮದ ಕವರ್ ಹಾಕಿದ ಒಂದು ರೇಡಿಯೋ, ಹಗಲು ಮೀಡಿಯಂ ವೇವಲ್ಲಿ ಭದ್ರಾವತಿ ಸ್ಟೇಷನ್ ಒಂದೇ ಸರಿಯಾಗಿ ಬರ್ತಿತ್ತು. ರಾತ್ರಿ ಊಟ ಆದ್ಮೇಲೆ ಮುಳ್ಳು ತಿರುಗಿಸಿದ್ರೆ ತಮಿಳು, ಹಿಂದಿ, ಸಿಂಹಳ, ಇನ್ನು ಯಾವ್ಯಾವುದೋ ಭಾಷೆ, ಹಾಡು ದೂರ ಹೋಗಿ ಮತ್ತೆ ಹತ್ರ ಬಂದ ಹಾಗೆ ಏರಿಳಿತ. ಅಜ್ಜ "ರಾತ್ರಿ ಗಾಳಿ ತಣ್ಣಗಿರ್ತದಲ, ಅದಕ್ಕೆ" ಅಂತಿದ್ರು. ನಿಜವಾದ ಕಾರಣ ಇದು: ಹಗಲು 60-90 ಕಿ.ಮೀ. ಎತ್ತರದಲ್ಲಿ ಅಯಾನೋಸ್ಫಿಯರ್ ಒಳಗಿನದೇ ಡಿ ಪದರ ಅಂತ ಒಂದಿರುತ್ತೆ, ಅದು ಮೀಡಿಯಂ ವೇವನ್ನ ನುಂಗಿಬಿಡುತ್ತೆ. ಸೂರ್ಯ ಮುಳುಗಿದ ಮೇಲೆ ಅಲ್ಲಿಯ ಎಲೆಕ್ಟ್ರಾನುಗಳು ವಾಪಸ್ ಅಂಟ್ಕೊಂಡು ಡಿ ಪದರ ಹೆಚ್ಚುಕಮ್ಮಿ ಮಾಯ, ಅಲೆಗಳು ಅದನ್ನ ದಾಟಿ ಮೇಲಿನ ಇ, ಎಫ್ ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳೀತವೆ. ಎಫ್‌ಎಂ ಅಲೆಗಳು ಇನ್ನೂ ಹೆಚ್ಚಿನ ಆವರ್ತನದವು, ಎಲ್ಲವನ್ನೂ ತೂರಿಕೊಂಡು ಹೊರಗೇ ಹೋಗ್ತವೆ, ಅದಕ್ಕೇ ಬೆಂಗಳೂರಿನ ಎಫ್‌ಎಂ ರಾತ್ರಿ ಆದ್ರೂ ಸಾಗರಕ್ಕೆ ಬರಲ್ಲ.

ಜಿಪಿಎಸ್, ಅದೇ ಥರದ ನಮ್ಮ ದೇಶದ ನಾವಿಕ್ ಸ್ಯಾಟಲೈಟುಗಳ ಸಿಗ್ನಲ್ಲುಗಳೂ ಇದನ್ನ ತೂರಿ ಕೆಳಗೆ ಬರ್ಬೇಕು, ಬರುವಾಗ ಒಂಚೂರು ತಡ ಆಗುತ್ತೆ, ಆ ತಡ ಲೆಕ್ಕಕ್ಕೆ ತಗೊಳ್ಳದಿದ್ರೆ ನೀವು ನಿಂತಿರೋ ಜಾಗ ಕೆಲವು ಮೀಟರ್ ಆಚೆ ತೋರಿಸುತ್ತೆ.

ಎಕ್ಸೋಸ್ಫಿಯರ್: ಮೇಲ್ಛಾವಣಿ ಇಲ್ಲದ ಮಹಡಿ

500ರಿಂದ 1000 ಕಿ.ಮೀ. ನಡುವೆ ಎಲ್ಲೋ, ಸೂರ್ಯನ ಮೂಡ್ ನೋಡ್ಕೊಂಡು, ಥರ್ಮೋಸ್ಫಿಯರ್ ಮುಗಿಯುತ್ತೆ. ಅಲ್ಲಿಂದ ಮೇಲೆ ಕಣಗಳಿಗೆ ಕಣಗಳು ಡಿಕ್ಕಿ ಹೊಡೆಯೋದೇ ಅಪರೂಪ. ಒಂದೊಂದು ಪರಮಾಣುನೂ ಎಸೆದ ಕಲ್ಲಿನ ಹಾಗೆ, ಮೇಲೆ ಹೋಗಿ ಬಾಗಿ ವಾಪಸ್ ಬೀಳುತ್ತೆ, ಜೋರಾಗಿ ಹೋದ ಹೈಡ್ರೋಜನ್ ಕೆಲವು ವಾಪಸ್ ಬರೋದೇ ಇಲ್ಲ. ಇದನ್ನ ಗಾಳಿ ಅನ್ನೋದೂ ಕಷ್ಟ.

ಇದಕ್ಕೆ ಮೇಲೆ ಗೆರೆ ಇಲ್ಲ. ಬಾಹ್ಯಾಕಾಶ 100 ಕಿ.ಮೀ.ಗೆ ಶುರು ಅಂತ ಹೇಳೋ ಕಾರ್ಮನ್ ಗೆರೆ ನಾವು ಲೆಕ್ಕಕ್ಕೆ ಹಾಕ್ಕೊಂಡಿದ್ದು, ವಾತಾವರಣಕ್ಕೆ ಅದರ ಸುದ್ದಿನೇ ಗೊತ್ತಿಲ್ಲ. 2019ರಲ್ಲಿ ಸೋಹೋ ಅನ್ನೋ ಸೂರ್ಯ ವೀಕ್ಷಣಾ ನೌಕೆಯ ಹಳೇ ದತ್ತಾಂಶ ಕೆದಕಿ ನೋಡಿದ್ರೆ ಭೂಮಿಯ ಹೈಡ್ರೋಜನ್ ಮಂಜು ಸುಮಾರು 6,30,000 ಕಿ.ಮೀ.ವರೆಗೆ ಹರಡಿರೋದು ಸಿಕ್ತು. ಚಂದ್ರ ಇರೋದು ಸುಮಾರು 3,84,000 ಕಿ.ಮೀ. ದೂರದಲ್ಲಿ.

ಇದನ್ನ ಹೇಳಿದಾಗ ದೊಡ್ಡಪ್ಪ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರೆ ಚಂದ್ರನ ಮೇಲೆ ಹೋಗಿ ಬಂದವರು ಭೂಮಿ ವಾತಾವರಣ ಬಿಟ್ಟು ಹೋಗ್ಲೇ ಇಲ್ಲ ಅಂತಾಯ್ತಲ್ಲ?" ಅಂದ್ರು.

"ಆ ಲೆಕ್ಕದಲ್ಲಿ ಹೌದು ದೊಡ್ಡಪ್ಪ. ಆದ್ರೆ ಚಂದ್ರನ ದೂರದಲ್ಲಿ ಅದು ಎಷ್ಟು ತೆಳು ಅಂದ್ರೆ, ಟೀ ಚಮಚದಷ್ಟು ಜಾಗಕ್ಕೆ ಒಂದೇ ಒಂದು ಹೈಡ್ರೋಜನ್ ಪರಮಾಣು."

"ಒಂದಾದ್ರೂ ಉಂಟಲ್ಲ," ಅಂತ ಹೇಳಿ ಫೋನ್ ಇಟ್ರು.